ಉಂಗುರ ಬೆರಳಿನಿಂದ ಹಿಮ ಓದುವ ಗ್ಯಾಲ್ಜೆನ್

ಖಂಗ್ತಾರಿ ಪರ್ವತದ ನೆತ್ತಿಗೆ ಆಗಲೇ ಬಿಸಿಲು ತಾಗಿದೆ. ಕೆಳಗೆ ಎರಡನೇ ಶಿಬಿರದಲ್ಲಿ ಇನ್ನೂ ನೀಲಿ ನೆರಳು. ಗುಡಾರಗಳ ಹಿಂದಿನ ಇಳಿಜಾರಿನಲ್ಲಿ ಸೊಂಟದಾಳದ ಗುಂಡಿ ತೋಡಿ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಬಲಗೈಯ ಗವಸು ತೆಗೆದು, ಕಣ್ಣು ಮುಚ್ಚಿ, ಉಂಗುರ ಬೆರಳನ್ನು ಗುಂಡಿಯ ಗೋಡೆಯ ಮೇಲಿಂದ ಕೆಳಕ್ಕೆ ಮೆಲ್ಲನೆ ಎಳೆಯುತ್ತಾನೆ. ಮೊಣಕೈಯಷ್ಟು ಆಳಕ್ಕೆ ಬಂದಾಗ ಬೆರಳು ಒಳಕ್ಕೆ ಹೂತುಹೋಗುತ್ತದೆ. ಒಂದು ಹಿಡಿ ತೆಗೆದು ತೋರಿಸುತ್ತಾನೆ. ಹಿಮ ಉಂಡೆಯಾಗುವುದಿಲ್ಲ, ಬೆರಳ ಸಂದಿಯಿಂದ ಕಾಳುಕಾಳಾಗಿ ಸೋರುತ್ತದೆ.

"ಸಕ್ಕರೆ ಕಂಡ್ರಿ. ಮೇಲೆ ಗಾಳಿ ತಟ್ಟಿದ ರೊಟ್ಟಿ, ಕೆಳಗೆ ಸಕ್ಕರೆ. ಕಾಲಿಟ್ಟರೆ ರೊಟ್ಟಿ ಜಾರ್ತದೆ."

ಫುರ್ಬಾ ಗ್ಯಾಲ್ಜೆನ್‌ಗೆ ಐವತ್ತೊಂದು ವರ್ಷ. ನೇಪಾಳದ ರೋಲ್ವಾಲಿಂಗ್ ಕಣಿವೆಯವನು. ಇಪ್ಪತ್ತಮೂರು ವಸಂತಗಳಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಹಗ್ಗ ಕಟ್ಟಿದವನು. ಶಿಖರ ಮುಟ್ಟಿದ ಫೋಟೋಗಳಲ್ಲಿ ನೀವು ನೋಡುವ ಹಗ್ಗ ಯಾರೋ ಕಟ್ಟಿದ್ದು ಎಂಬ ನೆನಪಾದರೂ ನಿಮಗೆ ಬಂದಿದೆಯೇ? ಈ ವರ್ಷ ಆ ಕೆಲಸವೂ ಅವನಿಗಿಲ್ಲ. ಅಡುಗೆ ಗುಡಾರದ ಆಲೂಗಡ್ಡೆ, ಗ್ಯಾಸ್ ಡಬ್ಬಿ, ಹಿಟ್ಟು ಸೇರಿ ಇಪ್ಪತ್ತೆಂಟು ಕಿಲೋ ಹೊತ್ತು ಮೇಲಿನ ಶಿಬಿರಗಳಿಗೆ ಏರಿ ಇಳಿಯುವುದು, ಅಷ್ಟೇ.

ಕಾರಣ ಅವನ ಕೆಲಸದ ಪುಸ್ತಕದಲ್ಲಿ ಕಾಠ್ಮಂಡುವಿನ ಕಂಪನಿಯೊಂದು ಬರೆದ ಒಂದು ಸಾಲು: "ಹವಾಮಾನಕ್ಕೆ ಹೆದರಿ ಕೆಲಸ ನಿಲ್ಲಿಸಿದ." ಪ್ರತಿ ಕಂಪನಿಯೂ ಆ ಪುಟ ತಿರುವಿ ನೋಡುತ್ತದೆ, ಮುಂದಿನವನನ್ನು ಕರೆಯುತ್ತದೆ.

ನಡೆದದ್ದು ಇಷ್ಟು. ಹೋದ ವಸಂತದಲ್ಲಿ ಇದೇ ಪರ್ವತದ ಕೊನೆಯ ಇಳಿಜಾರಿನ ಬುಡದಲ್ಲಿ ಅವನು ಹೀಗೇ ಗುಂಡಿ ತೋಡಿದ. ಮೂರು ದಿನ ಪಡುವಣ ಗಾಳಿ ಬೀಸಿ, ಗಾಳಿಗೆ ಮರೆಯಾದ ಈ ಮಗ್ಗುಲಿಗೆ ಹಿಮ ಪೇರಿಸಿ ಹೋಗಿತ್ತು. ಬಾನು ಮಾತ್ರ ತೊಳೆದ ಕಂಚಿನ ತಟ್ಟೆಯಂತೆ. ಹಿಂದೆ ಹನ್ನೊಂದು ಆರೋಹಿಗಳು ಕಾದಿದ್ದರು. ಗ್ಯಾಲ್ಜೆನ್ ಹಗ್ಗದ ಸುರುಳಿ ಬಿಚ್ಚಲಿಲ್ಲ, ಮುಂದೆ ಕಟ್ಟಲೊಲ್ಲೆ ಎಂದ. ರೇಡಿಯೋದಲ್ಲಿ ಕಂಪನಿಯ ಮುಖ್ಯಸ್ಥರು ಕೂಗಾಡಿದರು, ಕಂಪ್ಯೂಟರ್ ಸರಿ ಎಂದಿದೆ ಎಂದರು.

"ನಾನಂದೆ, ಆಕಾಶ ತಿಳಿಯಾಗಿದೆ ಅಂತ ಕಂಪ್ಯೂಟರ್ ಹೇಳೋದು ನಿಜ ಸಾಬ್. ಆದ್ರೆ ನಾವು ನಡೆಯೋದು ಆಕಾಶದ ಮೇಲಲ್ಲವಲ್ಲ!"

ಎಲ್ಲರೂ ಇಳಿದರು. ಮಾರನೆಯ ದಿನ ಮಧ್ಯಾಹ್ನ ಆ ಇಳಿಜಾರು ಪೂರ್ತಿ ಕಳಚಿ ಬಿತ್ತು. ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಕಂಪನಿ ತನ್ನ ಜಾಲತಾಣದಲ್ಲಿ ಬರೆದುಕೊಂಡಿತು: ನಮ್ಮ ಆಧುನಿಕ ಮುನ್ಸೂಚನೆಯಿಂದ ಎಲ್ಲರೂ ಸುರಕ್ಷಿತ. ಶಿಖರ ತಪ್ಪಿದ ಒಬ್ಬ ಆರೋಹಿ ದೂರು ಕೊಟ್ಟಾಗ ಮಾತ್ರ ಅದಕ್ಕೆ ಗ್ಯಾಲ್ಜೆನ್‌ನ ಹೆಸರು ನೆನಪಾಯಿತು, ಪುಸ್ತಕಕ್ಕೆ ಆ ಸಾಲು ಬಿತ್ತು. ಉಳಿಸಿದ ಪುಣ್ಯ ಯಂತ್ರಕ್ಕೆ, ತಡೆದ ಪಾಪ ಇವನಿಗೆ. ಇದು ಯಾವ ಲೋಕದ ನ್ಯಾಯ?

ಯಾಕೆ ಉಂಗುರ ಬೆರಳೇ ಎಂದು ಕೇಳಿದರೆ ಅವನು ನಗುತ್ತಾನೆ. ದೇವರಿಗೆ ಛಾಂಗ್, ಅಂದರೆ ಮನೆಯಲ್ಲಿ ಮಾಡಿದ ಮದ್ಯ, ಚಿಮುಕಿಸುವ ಬೆರಳು ಅದು. "ಉಳಿದ ಬೆರಳೆಲ್ಲ ಹೊಟ್ಟೆಪಾಡಿಗೆ. ಇದು ಸುಳ್ಳು ಹೇಳಲ್ಲ. ಸುಳ್ಳು ಹೇಳಿದ್ದು ಒಂದೇ ಸಲ, ಅದೂ ನಾನು, ಬೆರಳಲ್ಲ."

ಆ ಒಂದು ಸಲ ಅವನಿಗೆ ಇಪ್ಪತ್ತೊಂಬತ್ತು. ಲಾಮಾ ಪಂಚಾಂಗ ನೋಡಿ ದಿನ ಗೊತ್ತುಮಾಡಿದ್ದರು. ಧೂಪ ಹಾಕಿ, ಧ್ವಜ ಕಟ್ಟಿ ಹೊರಟಿದ್ದರು. ಬೆರಳು ಅಂದೂ ಹೂತುಹೋಯಿತು. ಇಷ್ಟು ಒಳ್ಳೆಯ ದಿನ, ಏನಾದೀತು ಎಂದು ಅವನು ಮುಂದೆ ನಡೆದ. ಇಳಿಜಾರು ಕಳಚಿತು; ತನ್ನ ಹಿಂದೆಯೇ ಬರುತ್ತಿದ್ದವನು, ಹೆಂಡತಿಯ ತಮ್ಮ, ಸಿಗಲೇ ಇಲ್ಲ. ಸಿಟ್ಟಿನಲ್ಲಿ ಗೊಂಪಾಕ್ಕೆ, ಲಾಮಾನ ಮಠಕ್ಕೆ, ಹೋಗಿ ಕೇಳಿದಾಗ ಆ ಮುದುಕ ಕಣ್ಣೊರೆಸಿಕೊಂಡು ಹೇಳಿದ್ದು ಇವನಿಗೆ ಈಗಲೂ ಮಂತ್ರದ ಹಾಗೆ ಬಾಯಿಪಾಠ: "ದಿನ ನೋಡೋದು ನನ್ನ ಕೆಲಸ ಮಗಾ. ಹಿಮ ನೋಡೋದು ನಿನ್ನ ಕೆಲಸ."

ಹೆಂಡತಿ ಯಾಂಗ್ಜಿ ಆಗ ಆರು ತಿಂಗಳು ಮಾತಾಡಿರಲಿಲ್ಲವಂತೆ. ಈಗ ಮಾತಿಗೇನೂ ಬರವಿಲ್ಲ. "ಬೆಟ್ಟದ ಹೊಟ್ಟೇಲಿರೋ ಸಕ್ಕರೆ ಕಂಡುಹಿಡೀತಾನೆ ಮಹರಾಯ. ಮನೇಲಿ ಉಪ್ಪಿನ ಡಬ್ಬ ಯಾವ್ದು, ಸಕ್ಕರೆ ಡಬ್ಬ ಯಾವ್ದು ಗೊತ್ತಿಲ್ಲ. ಮೊನ್ನೆ ಉಪ್ಪು ಹಾಕೋ ಬೆಣ್ಣೆ ಚಹಾಕ್ಕೆ ಎರಡು ಚಮಚ ಸಕ್ಕರೆ ಸುರಿದ, ಕೊಟ್ಟಿಗೆಯ ಯಾಕ್ ಎತ್ತು ಕೂಡ ಮೂಸಲಿಲ್ಲ!" ಎಂದು ಕೆಳಗೆ ಊರಲ್ಲಿ ನನಗೆ ಹೇಳಿದ್ದಳು. ನಕ್ಕು, ಆಮೇಲೆ ಮುಖ ತಿರುಗಿಸಿ, "ಹೆದರಿದ ಅಂತ ಬರೆದೋನು ನಮ್ಮ ಒಲೆ ಮುಂದೆ ಬಂದು ಹೇಳ್ಲಿ ನೋಡೋಣ" ಎಂದಿದ್ದಳು.

ಗುಂಡಿಯ ಬಳಿಗೆ ಈ ವರ್ಷದ ಹಗ್ಗ ತಂಡದ ಮುಖಂಡ ಮಿಂಗ್ಮಾರ್ ಬರುತ್ತಾನೆ. ಇಂದು ಮೂರನೇ ಶಿಬಿರದ ದಾರಿ ತೆರೆಯಬೇಕೆಂದು ಅವನಿಗೆ ಅಪ್ಪಣೆಯಾಗಿದೆ.

"ಏನ್ ದಾಇ," ಅಣ್ಣ ಎಂದು ಕರೆದೇ ಕೆಣಕುತ್ತಾನೆ, "ಆಲೂಗಡ್ಡೆ ಹೊರೋನಿಗೆ ಹಿಮದ ಉಸಾಬರಿ ಯಾಕೆ?"

"ಆಲೂಗಡ್ಡೆ ತಿನ್ನೋಕೆ ನೀವು ಉಳೀಬೇಕಲ್ಲಪ್ಪ."

ಮಿಂಗ್ಮಾರ್ ಗುಂಡಿಗೆ ಇಳಿದು ತಾನೂ ಬೆರಳಿಡುತ್ತಾನೆ. ನಗು ಆರಿಹೋಗುತ್ತದೆ. "ಎಷ್ಟು ದಿನ ಬೇಕು?"

"ಎರಡು ದಿನ ಕಾಯಿ. ಆಮೇಲೂ ಇಲ್ಲಿ ಬೇಡ, ಎಡಗಡೆ ಬಂಡೆ ಸಾಲು ಹಿಡಿ. ದೂರ ಆಗ್ತದೆ, ಆಗ್ಲಿ."

ರೇಡಿಯೋದಲ್ಲಿ ಮಿಂಗ್ಮಾರ್ ವರದಿ ಕೊಡುವುದನ್ನು ನಾನು ಪಕ್ಕದಲ್ಲೇ ನಿಂತು ಕೇಳುತ್ತೇನೆ: ಹಗ್ಗ ತಂಡ ಪರೀಕ್ಷಿಸಿದೆ, ಇಂದು ದಾರಿ ಇಲ್ಲ. ಗ್ಯಾಲ್ಜೆನ್‌ನ ಹೆಸರಿಲ್ಲ. ಆ ಹೆಸರು ಹೇಳಿದರೆ ಮೇಲಿನವರು ಮಾತನ್ನೇ ನಂಬುವುದಿಲ್ಲ, ಅದಕ್ಕೆ. ತಲೆ ತಗ್ಗಿಸಿಕೊಂಡು ಮಿಂಗ್ಮಾರ್ "ತಪ್ಪು ತಿಳೀಬೇಡಿ ದಾಇ" ಎನ್ನುತ್ತಾನೆ. ಗ್ಯಾಲ್ಜೆನ್ ಅವನ ಬೆನ್ನು ತಟ್ಟಿ, ತನ್ನ ಹೊರೆಯ ಪಟ್ಟಿಯನ್ನು ಹಣೆಗೆ ಏರಿಸುತ್ತಾನೆ. ಮೇಲಕ್ಕೆ ಯಾರೂ ಹೋಗುವುದಿಲ್ಲವಾದ್ದರಿಂದ ಇಪ್ಪತ್ತೆಂಟು ಕಿಲೋ ಮತ್ತೆ ಕೆಳಗಿನ ಶಿಬಿರಕ್ಕೆ ಹೊರಬೇಕು.

ಪುಸ್ತಕದ ಆ ಸಾಲು ಅಳಿಸಿ ಎಂದು ಅವನು ಎರಡು ಸಲ ಕಾಠ್ಮಂಡುವಿಗೆ ಅಲೆದಿದ್ದಾನೆ. ಎರಡು ಸಲವೂ ಬಾಗಿಲಲ್ಲೇ ಕಾದು ಬಂದಿದ್ದಾನೆ. ಮೂರನೇ ಸಲ ಹೋಗುತ್ತೀಯಾ ಎಂದು ಕೇಳುತ್ತೇನೆ.

"ಅಳಿಸೋದು ಬೇಡ ಬಿಡಿ" ಎನ್ನುತ್ತಾನೆ ಗ್ಯಾಲ್ಜೆನ್. "ಹೆದರಿದ್ದು ನಿಜ ತಾನೆ? ಹೆದರಿದ ಅಂತಲೇ ಇರ್ಲಿ. ಅದರ ಕೆಳಗೆ ಆ ಹನ್ನೊಂದು ಜನರ ಹೆಸರು ಬರೀಲಿ, ಎಲ್ಲರೂ ಅವರವರ ಮನೆ ಸೇರಿದರು ಅಂತ."