ನಲವತ್ತರಲ್ಲಿ ತೊಂಬತ್ತು ಹಂಚಿದ ಲೀಲಾಧರರು

"ಅಮ್ಮಾ, ಲೀಲಾಧರ ಮಾಮನ ಹತ್ತಿರ ಬೆಕ್ಕಿನ ಮರಿ ಇರುವುದು ಒಂದೇ ಅಲ್ವಾ? ಮತ್ತೆ ನಮಗೆ ಮೂರು ಜನರಿಗೂ ಕೊಡ್ತೇನೆ ಅಂದದ್ದು ಹೇಗೆ?"

ಐದು ವರ್ಷದ ಮೋಕ್ಷಾಳ ಜಡೆ ಹೆಣೆಯುತ್ತಿದ್ದ ಚೈತನ್ಯಾ, ಮಾಮ ಆಫೀಸಿನಲ್ಲೂ ಹಾಗೆಯೇ ಎಂದಷ್ಟೇ ಹೇಳಿದಳು.

ಇನ್ನಂಜೆಯಲ್ಲಿ ಅವರ ಪಕ್ಕದ ಮನೆಯ ಲೀಲಾಧರರು ಮಣಿಪಾಲದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಸ್ಟೋರೇಜ್ ನೋಡಿಕೊಳ್ಳುವವರು. ಚೈತನ್ಯಾ ಅಲ್ಲೇ ಮಾಲೀಕರ ಕಚೇರಿಯಲ್ಲಿ. ಮೂರು ಶಾಖೆಗಳ ಸ್ಕ್ಯಾನುಗಳೆಲ್ಲ ಬಂದು ಬೀಳುವುದು ಲೀಲಾಧರರ ತಣ್ಣನೆಯ ಕೋಣೆಯ ಡಿಸ್ಕುಗಳಿಗೆ. ಅಲ್ಲಿದ್ದ ಜಾಗ ನಲವತ್ತು ಟೆರಾಬೈಟ್. ಕಾರ್ಕಳ ಶಾಖೆಯ ಶೇಖರ ಇಪ್ಪತ್ತೈದು ಕೇಳಿದರು. ಅದು ಕಿವಿಗೆ ಬಿದ್ದದ್ದೇ ಕಾಪುವಿನ ಮನೋರಮಾ ಮೂವತ್ತು ಕೇಳಿದರು. ಜಿಲ್ಲಾಕೇಂದ್ರದ ಮರ್ಯಾದೆಗೆ ಉಡುಪಿಗೆ ಮೂವತ್ತೈದು ಬೇಕಾಯಿತು. ಯಾರಿಗೂ ಅಷ್ಟು ಅಗತ್ಯವಿರಲಿಲ್ಲ. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರ ಅಭ್ಯಾಸ, ಅಷ್ಟೇ.

ಲೀಲಾಧರರು ಎಲ್ಲರಿಗೂ "ಮಾಡುವ" ಎಂದರು. ಮಾಡಿದರು ಸಹ: ಕೇಳಿದಷ್ಟೇ ದೊಡ್ಡ ವರ್ಚುವಲ್ ವಾಲ್ಯೂಮ್, ಅಂದರೆ ಲೆಕ್ಕಕ್ಕಷ್ಟೇ ಇರುವ ಜಾಗ, ಒಬ್ಬೊಬ್ಬರಿಗೂ. ಆ ದೊಡ್ಡತನವೆಲ್ಲ ಪರದೆಯ ಮೇಲೆ. ತುಂಬಿಸಿದಷ್ಟಕ್ಕೆ ಮಾತ್ರ ನಿಜವಾದ ಡಿಸ್ಕು ಖರ್ಚಾಗುವುದು. ಆ ಕಸುಬಿನಲ್ಲಿ ಎಲ್ಲರೂ ಮಾಡುವುದೇ, ತುಂಬುವ ಮೊದಲು ಹೊಸ ಡಿಸ್ಕು ಹಾಕಿಸಿದರಾಯಿತು. ಆಯುಧಪೂಜೆಯಲ್ಲಿ ಆ ಡಿಸ್ಕುಗಳ ಪೆಟ್ಟಿಗೆಗೇ ಎಲ್ಲಕ್ಕಿಂತ ದಪ್ಪದ ಹಾರ ಬಿತ್ತು. ಮಾಲೀಕ ಜಿತೇಂದ್ರರು ಬಂದವರಿಗೆಲ್ಲ, ನಮ್ಮಲ್ಲಿ ತೊಂಬತ್ತು ಉಂಟು ಎನ್ನತೊಡಗಿದರು. ಅಲ್ಲ ಎನ್ನಲು ಲೀಲಾಧರರಿಗೆ ಬಾಯಿ ಬರಲಿಲ್ಲ.

ಜಾಗ ಧಾರಾಳ ಉಂಟೆಂದು ಗೊತ್ತಾದ ಮೇಲೆ ಸ್ಕ್ಯಾನುಗಳ ಜತೆಗೆ ಮನೆಯ ಭೂತಕೋಲ, ಸೀಮಂತಗಳ ವಿಡಿಯೋಗಳೂ ಬಂದು ಕೂತವು. ಉಡುಪಿಯ ವಾಲ್ಯೂಮಿನಲ್ಲಿ ಮೋಕ್ಷಾಳ ಮೊದಲ ಹೆಜ್ಜೆ ಏಳು ಕಡೆಯಿಂದ ತೆಗೆದದ್ದು ಇತ್ತು. ತಾನೇ ಹಾಕಿದ್ದ ಅದನ್ನು ಚೈತನ್ಯಾ ಸದ್ದಿಲ್ಲದೆ ಮನೆಗೆ ಸಾಗಿಸಿದಳು.

ಈ ಸೋಮವಾರ ನಲವತ್ತರಲ್ಲಿ ಮೂವತ್ತೊಂಬತ್ತು ತುಂಬಿತು. ಉಳಿದ ಒಂದು ಮುಗಿದರೆ ಮೂರೂ ಶಾಖೆಗಳ ಸ್ಕ್ಯಾನ್ ಒಮ್ಮೆಗೇ ನಿಲ್ಲುತ್ತದೆ. ಬೇಡದ್ದನ್ನು ಅಳಿಸಿ ಎಂದು ಲೀಲಾಧರರು ಫೋನು ಮಾಡಿದರೆ ಶೇಖರ ನಕ್ಕರು.

"ನಮ್ಮದು ಅರ್ಧಕ್ಕಿಂತ ಹೆಚ್ಚು ಖಾಲಿ ಉಂಟು ಮಾರಾಯ್ರೇ. ಅಳಿಸುವುದು ಎಂತಕ್ಕೆ? ಕಾಪುವಿನವರಿಗೆ ಹೇಳಿ."

ಮನೋರಮಾ ಉಡುಪಿಯತ್ತ ಕೈ ತೋರಿಸಿದರು, ಉಡುಪಿಯವರ ಪರದೆಯಲ್ಲೂ ಖಾಲಿಯೇ. ಹೊಸ ಡಿಸ್ಕು ಬೇಕೆಂಬ ಪತ್ರದ ಮೇಲೆ ಮಾಲೀಕರು ಹಸಿರು ಶಾಯಿಯಲ್ಲಿ ಬರೆದರು: ತೊಂಬತ್ತರಲ್ಲಿ ಐವತ್ತೊಂದು ಖಾಲಿ ಇರುವಾಗ ಹೊಸತು ಏಕೆ?

ಮಧ್ಯಾಹ್ನ ಊಟದ ಹೊತ್ತಿಗೆ ಲೀಲಾಧರರು ಚೈತನ್ಯಾಳ ಮೇಜಿನ ಬಳಿ ಬಂದು ನಿಂತರು. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಒಂದೇ ಸಾಲು: ಇರುವುದು ನಲವತ್ತೇ. ಅದನ್ನು ನಾಲ್ಕು ಸಲ ಮಡಚಿ ಬಿಡಿಸಿದ್ದರು.

"ಚೈತನ್ಯಾ, ನೀವೂ ನನ್ನ ಜೊತೆ ಮಾಲೀಕರ ಕೋಣೆಯ ಒಳಗೆ ಬನ್ನಿ. ಪಕ್ಕದಲ್ಲೇ ಕೂತುಕೊಳ್ಳಿ. ಅವರು ಮಾತಾಡುವಾಗ ನನ್ನ ಬಾಯಿಂದ 'ಮಾಡುವ ಸರ್' ಅಂತ ಹೊರಟರೆ, ಕಾಲು ಜೋರಾಗಿ ಮೆಟ್ಟಿಬಿಡಿ."