ಮೊದಲ ಚೆಂಬು ತನ್ನ ಕಾಲಿಗೆ

ಕುರುಗೋಡಿನಲ್ಲಿ ಮೀಸೆ ಹೊತ್ತ ಗಂಡಸರೂ ಜಡೆಮ್ಮನನ್ನು ಕಂಡರೆ ಬೈಕು ತಿರುಗಿಸಿ ಬೇರೆ ಓಣಿ ಹಿಡಿಯುತ್ತಾರೆ. ನಾಲ್ಕು ಜನರ ಮುಂದೆ ಆಕೆ ಏನು ಅಂದುಬಿಡುತ್ತಾಳೋ ಎಂಬ ಭಯ. ಕಚೇರಿಯಲ್ಲಿ ದೊಡ್ಡ ಕುರ್ಚಿ ಸಿಕ್ಕಿರುವ ಮಾರೇಶನಿಗೆ ಹೋದ ತಿಂಗಳು ಸಂತೆಯಲ್ಲೇ ಕೇಳಿದ್ದಳು: "ಲೇ ಮಾರೇಶ, ಹತ್ತು ತಿಂಗಳಾದ್ರೂ ಕುಂಡಿ ಊರಿ ಕುಂದ್ರಾಕ ಬರ್ತಿರ್ಲಿಲ್ಲ ನಿನಗ. ನಿಮ್ಮವ್ವ ಎಷ್ಟು ಅತ್ತಿದ್ಲು! ಈಗ ನೋಡಿದ್ರ ಕುರ್ಚಿ ಬಿಟ್ಟು ಏಳವಲ್ಲಿ." ಪಾಪ, ಆತ ಟೊಮೆಟೊ ಚೀಲ ಅಲ್ಲೇ ಬಿಟ್ಟು ಹೋಗಿದ್ದ.

ಜಡೆಮ್ಮ ಕೂಸುಗಳಿಗೆ ನೀರೆರೆಯುವವಳು. ಈಗ ಅರವತ್ತೆಂಟು. ನಲವತ್ತು ವರ್ಷಗಳಿಂದ ಇದೇ ಕೆಲಸ. ಹೆರಿಗೆಯೇನೋ ಈಗ ಬಳ್ಳಾರಿ, ಸಿರುಗುಪ್ಪದ ಆಸ್ಪತ್ರೆಗಳಲ್ಲಿ ಆಗುತ್ತದೆ. ಆದರೆ ಬಾಣಂತಿ ತವರಿಗೆ ಬಂದು, ಕೂಸಿನ ಹೊಕ್ಕಳು ಬಿದ್ದ ಮರುದಿನ ಎಲ್ಲರೂ ಹೇಳಿ ಕಳಿಸುವುದು ಜಡೆಮ್ಮನಿಗೇ. ಯಾವ ಕೂಸಿಗೆ ಮೂರನೇ ತಿಂಗಳಿಗೆ ಕುತ್ತಿಗೆ ನಿಂತಿತು, ಯಾವುದು ಬೋರಲು ಬೀಳಲು ಸೋಮಾರಿತನ ಮಾಡಿತು, ಯಾವುದಕ್ಕೆ ಹಲ್ಲಿಗಿಂತ ಮೊದಲು ಮಾತು ಬಂತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿದೆ.

ಅವಳದೊಂದು ಕ್ರಮ. ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲು ನೀಳವಾಗಿ ಚಾಚಿ ಕೂರಬೇಕು. ಬಿಸಿನೀರಿಗೆ ತಣ್ಣೀರು ಅವಳೇ ಬೆರೆಸಬೇಕು. ಬೆರೆಸಿದ ನೀರಿನ ಮೊದಲ ಚೆಂಬು ತನ್ನ ಮೊಣಕಾಲ ಕೆಳಗೆ ಸುರಿದುಕೊಳ್ಳಬೇಕು. ಅದು ಹಿತವಾಯಿತೆಂದರೆ ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯುವುದು. ಕೈಯಿಂದ ನೋಡಿದರಾಗದೇ ಎಂದು ಯಾರಾದರೂ ಕೇಳಿದರೆ ರೇಗುತ್ತಿದ್ದಳು. "ಕೈ ಒಲಿ ಹಚ್ಚಿ, ಮುಸುರಿ ತಿಕ್ಕಿ ದಡ್ಡುಗಟ್ಟಿರ್ತೈತಿ. ಕೈ ಸುಳ್ಳು ಹೇಳ್ತೈತಿ. ಕಾಲು ಹೇಳಂಗಿಲ್ಲ."

ಅಂಥ ಕಾಲೇ ಅವಳಿಗೆ ಕೈಕೊಟ್ಟಿತು.

ಮೊದಲು ಗೊತ್ತಾಗಿದ್ದು ಬಸ್ ನಿಲ್ದಾಣದಿಂದ ಮನೆಗೆ ಬಂದ ಒಂದು ದಿನ. ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು. ಅದು ಗೊತ್ತೇ ಆಗದೆ ಅವಳು ಮನೆತನಕ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದಳು. ಓಣಿಯವರು ನಕ್ಕರು, ಅವಳೂ ನಕ್ಕಳು. ಸಕ್ಕರೆ ಕಾಯಿಲೆಗೆ ಮಾತ್ರೆ ತರಲು ಬಳ್ಳಾರಿಗೆ ಹೋದಾಗ ಡಾಕ್ಟರು ಕಣ್ಣು ಮುಚ್ಚಿಸಿ, ದಾರದಂಥ ಸಣ್ಣ ಎಳೆಯನ್ನು ಕಾಲಿಗೆ ತಾಗಿಸುತ್ತೇನೆ, ತಾಗಿದಾಗ ಹೇಳಮ್ಮ ಅಂದರು. ಜಡೆಮ್ಮ ಹೇಳಿದ್ದೇ ಹೇಳಿದ್ದು: "ಗೊತ್ತಾತ್ರಿ. ಹಾಂ, ಈಗೂ ಗೊತ್ತಾತ್ರಿ." ಡಾಕ್ಟರು ಅಂದರು: "ಅಮ್ಮಾ, ನಾನಿನ್ನೂ ಮುಟ್ಟೇ ಇಲ್ಲ."

ಕಾಲಿನ ನರ ಸೋತಿವೆ, ಬಿಸಿನೀರಿನ ಹತ್ತಿರ ಜೋಪಾನ ಎಂದು ಹೇಳಿ ಕಳಿಸಿದರು. ಜಡೆಮ್ಮ ಅದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೇಗೆ ಹೇಳಿಯಾಳು? ಒಮ್ಮೆ ಸುದ್ದಿಯಾದರೆ ಯಾವ ತಾಯಿ ಅವಳ ಕಾಲ ಮೇಲೆ ಕೂಸು ಮಲಗಿಸುತ್ತಾಳೆ? ಬೆಳಿಗ್ಗೆ ಎದ್ದು ಎರೆಯಲು ಒಂದು ಕೂಸಿಲ್ಲ ಎಂಬ ಬದುಕನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ. ಹಾಗಾಗಿ ಅಂದಾಜು ಹಿಡಿದಳು. ಹಂಡೆಯ ನೀರು ಎರಡು ಚೆಂಬು, ತಣ್ಣೀರು ಮೂರು. ಮೊದಲ ಚೆಂಬನ್ನು ಕಾಲಿಗೆ ಸುರಿದುಕೊಂಡು "ಹದ ಐತಿ" ಅನ್ನುವುದನ್ನು ಮಾತ್ರ ಬಿಡಲಿಲ್ಲ. ಒಂದು ವರ್ಷ ಹೀಗೇ ನಡೆಯಿತು. ಏನೂ ಆಗಲಿಲ್ಲ ಅನ್ನುವುದು ಅವಳ ಜಾಣತನವೇನಲ್ಲ, ಆ ಕೂಸುಗಳ ಪುಣ್ಯ.

ಈ ಸಲ ಹೇಳಿಕಳಿಸಿದವಳು ಪಂಪಾವತಿ. ತೆಕ್ಕಲಕೋಟೆಯ ಶಾಲೆಯಲ್ಲಿ ಟೀಚರ್ ಆಗಿರುವ ಅವಳ ಮಗಳು ಹೇಮಾ ಹೆತ್ತು ತವರಿಗೆ ಬಂದಿದ್ದಳು. ಈ ಹೇಮಾ ಎಂಟು ತಿಂಗಳಿಗೇ ಹುಟ್ಟಿದ ಕೂಸು. ನಾಲ್ಕು ತಿಂಗಳು ತುಂಬಿದರೂ ಕುತ್ತಿಗೆ ನಿಲ್ಲದಿದ್ದಾಗ ಪಂಪಾವತಿ ಊಟ ಬಿಟ್ಟು ಕೂತಿದ್ದಳು. "ಒಂದ್ ತಿಂಗಳು ಮೊದಲ ಬಂದೈತಿ, ಒಂದ್ ತಿಂಗಳು ತಡಾ ಮಾಡ್ತೈತಿ, ಸುಮ್ನಿರು" ಎಂದು ಗದರಿದ್ದವಳು ಜಡೆಮ್ಮ. ಐದಕ್ಕೆ ಸರಿಯಾಗಿ ಕುತ್ತಿಗೆ ನಿಂತಿತ್ತು. ಅಂಥ ಹೇಮಾಳ ಮಗಳಿಗೆ ಈಗ ಹನ್ನೆರಡು ದಿನ.

ಪಂಪಾವತಿಯ ಬಚ್ಚಲಲ್ಲಿ ಹಂಡೆ ಇರಲಿಲ್ಲ. ಹೊಸದಾಗಿ ಗ್ಯಾಸ್ ಗೀಸರ್ ಕೂರಿಸಿದ್ದರು. ಜಡೆಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ ಮೂಗು ಮುರಿದಳೇ ಹೊರತು ಲೆಕ್ಕ ಬದಲಿಸಲಿಲ್ಲ. ಎರಡಕ್ಕೆ ಮೂರು. ಮೊದಲ ಚೆಂಬು ಕಾಲಿಗೆ ಸುರಿದುಕೊಂಡಳು. "ಹದ ಐತಿ, ಕೊಡು ಕೂಸು" ಅಂದಳು. ಮಲಗಿಸಿ, ಚೆಂಬು ಬಗ್ಗಿಸಿ ಕೂಸಿನ ಹಿಮ್ಮಡಿಯ ಮೇಲೆ ಒಂದು ಹನಿ ಬಿಟ್ಟಳು.

ಕೂಸು ಕಿರುಚಿತು.

"ಅಳ್ಳಿ ಬಿಡತ್ತಿ, ಎರೆಯೋವಾಗ ಅಳದ ಕೂಸು ಯಾವುದೈತಿ?" ಪಂಪಾವತಿ ನಕ್ಕಳು. ಜಡೆಮ್ಮ ನಗಲಿಲ್ಲ. ಹಸಿವಿನ ಅಳು, ಚಳಿಯ ಅಳು, ನಿದ್ದೆಗೆಟ್ಟ ಅಳು, ಎಲ್ಲವನ್ನೂ ನಲವತ್ತು ವರ್ಷ ಕೇಳಿದವಳು. ಇದು ಅವ್ಯಾವುದೂ ಅಲ್ಲ. ಚೆಂಬು ಕೆಳಗಿಟ್ಟಳು, ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು, ತನ್ನ ಕಾಲು ನೋಡಿಕೊಂಡಳು. ಮೊಣಕಾಲ ಕೆಳಗೆ ಕೆಂಪಗೆ ಸುಟ್ಟಿತ್ತು. ಗೀಸರಿನ ನೀರಿಗೆ ಹಂಡೆಯ ಲೆಕ್ಕ ಹೊಂದಿರಲಿಲ್ಲ.

ನೀರು ಒಂಚೂರು ಬಿಸಿಯಾಯಿತು ಎಂದು ತಣ್ಣೀರು ಸುರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತು ನಾಲಿಗೆಗೂ ಬಂದಿತ್ತು. ಆದರೆ ಕೂಸು ಇನ್ನೂ ಬಿಕ್ಕುತ್ತಿತ್ತು.

"ಪಂಪಾವತಿ, ಕೂಸು ಇಸ್ಕೊ. ನನ್ನ ಕಾಲು ಸತ್ತಾವು. ವರ್ಷ ಆತು. ಬಿಸಿ ಗೊತ್ತಾಗಂಗಿಲ್ಲ, ತಣ್ಣಗ ಗೊತ್ತಾಗಂಗಿಲ್ಲ. ನಾ ಸುಳ್ಳು ಹೇಳ್ಕೋತ ಬಂದೀನಿ."

ಪಂಪಾವತಿ ಕೂಸನ್ನು ಕಸಿದುಕೊಂಡಳು. ಆಮೇಲೆ ಸಿಟ್ಟು ಬಂತು, ಬರಬೇಕಾದದ್ದೇ. "ಹೇಳಾಕ ಏನಾಗಿತ್ತು ನಿನಗ? ಇಡೀ ಚೆಂಬು ಸುರಿದಿದ್ರ ಏನ್ ಗತಿ ಆಕ್ಕಿತ್ತು? ಕೂಸಿಗಿಂತ ನಿನ್ನ ಹೆಸರು ದೊಡ್ಡದಾತೇನು?" ಯಾರಿಗೂ ಒಂದು ಮಾತು ಬಾಕಿ ಉಳಿಸದ ಜಡೆಮ್ಮ ಗೋಡೆ ಹಿಡಿದುಕೊಂಡು ಎದ್ದು, ಕೂಸಿನ ಕಾಲು ನೋಡಲು ಬಗ್ಗಿದಳು.

ಕೂಸಿನ ಹಿಮ್ಮಡಿಯಲ್ಲಿ ತೊಗರಿಬೇಳೆಯಷ್ಟು ಕೆಂಪಿತ್ತು. ಹೇಮಾ ತಣ್ಣೀರು ಬಿಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅದು ಮಾಸಿತು, ಕೂಸು ಹಾಲು ಕುಡಿದು ಮಲಗಿತು. ಆಗಲೇ ಅವಳ ಕಣ್ಣು ಜಡೆಮ್ಮನ ಕಾಲಿನ ಮೇಲೆ ಬಿದ್ದದ್ದು. ಬೊಬ್ಬೆ ಏಳುತ್ತಿತ್ತು. ಬಕೆಟ್ಟು ಎಳೆದು, ಆ ಕಾಲಿಗೂ ತಣ್ಣೀರು ಸುರಿಯತೊಡಗಿದಳು.

"ಉರೀತೈತೇನಜ್ಜಿ?"

"ಇಲ್ಲವ್ವ. ಏನೂ ಗೊತ್ತಾಗವಲ್ದು." ಜಡೆಮ್ಮನಿಗೆ ಅಳು ತಡೆಯಲಾಗಲಿಲ್ಲ. "ಉರೀಬೇಕಾಗಿತ್ತು ನೋಡು. ಉರಿದಿದ್ರ ಚಲೋ ಇತ್ತು."

ಆಮೇಲೆ ನಾಲ್ಕು ದಿನ ಜಡೆಮ್ಮ ಹೊಸ್ತಿಲು ದಾಟಲಿಲ್ಲ. ಹೇಮಾ ಅಂದೇ ಒತ್ತಾಯ ಮಾಡಿ ಡಾಕ್ಟರಿಂದ ಕಾಲಿಗೆ ಪಟ್ಟಿ ಕಟ್ಟಿಸಿದ್ದಳು. ಸುದ್ದಿ ಓಣಿ ಓಣಿ ತಿರುಗಿತು. ಹೇಳಿಕಳಿಸಿದ್ದ ಇನ್ನೆರಡು ಮನೆಯವರು ಬೇಡ ಅಂದರು. ಅವರದೇನೂ ತಪ್ಪಿಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಸಂಕಟ ಸಂಕಟವೇ. ಬೆಳಿಗ್ಗೆ ಏಳಕ್ಕೆ ಎದ್ದು ಕೂತು ತನ್ನ ಕಾಲನ್ನೇ ನೋಡುತ್ತಿದ್ದಳು.

ಐದನೆಯ ದಿನ ಪಂಪಾವತಿಯೇ ಬಾಗಿಲಿಗೆ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. "ನಡಿಯತ್ತಿ. ಕೂಸಿಗೆ ಎರೆಯಾಕ ನನಗ ಕೈಕಾಲು ನಡುಗತಾವು."

"ನಾ ಬಂದು ಏನ್ ಮಾಡ್ಲಿ? ನನ್ನ ಕಾಲು..."

"ಕಾಲು ನನ್ನವು ಅದಾವು. ನೀ ಬರೇ ಬಾಯಿ ತಗೊಂಡು ಬಾ."

ಬಚ್ಚಲಲ್ಲಿ ಜಡೆಮ್ಮನನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಮಣೆಯ ಮೇಲೆ ಪಂಪಾವತಿ ಕಾಲು ಚಾಚಿದಳು. ಮೊದಲ ಚೆಂಬು ಕಾಲಿಗೆ ಸುರಿದುಕೊಂಡು "ಹಾ!" ಎಂದು ಕಾಲು ಎಳೆದುಕೊಂಡಳು. "ಇನ್ನೊಂದ್ ಚೆಂಬು ತಣ್ಣೀರು," ಅಂದಳು ಜಡೆಮ್ಮ. ಮತ್ತೆ ಸುರಿದುಕೊಂಡಳು. ಹದವಾಗಿತ್ತು. ಕೂಸನ್ನು ಮಲಗಿಸಿ ನೀರು ಬಿಟ್ಟದ್ದೇ ತಡ, ಅದು ಮುಷ್ಟಿ ಕಟ್ಟಿ ಚೀರಿತು. ಪಂಪಾವತಿಯ ಕೈ ಅಲ್ಲೇ ನಿಂತಿತು. ಅವಳೂ ಹೇಮಾಳೂ ಗಾಬರಿಯಿಂದ ಜಡೆಮ್ಮನ ಮುಖ ನೋಡಿದರು.

ಜಡೆಮ್ಮ ಕಣ್ಣು ಮುಚ್ಚಿದಳು. ಡಾಕ್ಟರ ಮುಂದೆ ಮುಚ್ಚಿದ ಹಾಗೆಯೇ. ಆದರೆ ಈ ಸಲ ಹುಸಿ ಉತ್ತರ ಕೊಡುವ ಅವಸರವಿರಲಿಲ್ಲ. ಪೂರ್ತಿ ಕೇಳಿಸಿಕೊಂಡಳು.

"ಇದು ಸಿಟ್ಟಿನ ಅಳು," ಅಂದಳು. "ಎರಿ."

ಪಂಪಾವತಿ ಎರೆದಳು.