ಗೌರಿಯ ಹಾಜರಿ

ಗೌರಿ ಬೆಂಚಿನ ಮೇಲೆ ಎರಡು ಸಲ ಕುಟ್ಟಿದಳು. ಮಿಸ್ ತಲೆ ಎತ್ತದೆ ಆಬ್ಸೆಂಟ್ ಹಾಕಿದರು.

ಆಗ ನಮಗೆ ಆರು ವರ್ಷ. ಗೌರಿ ನನ್ನ ಜೊತೆ ಹುಟ್ಟಿದ ಅವಳಿ ತಂಗಿ. ಚಾಮರಾಜಪೇಟೆಯ ಗಲ್ಲಿ ಶಾಲೆ, ಒಂದನೇ ಕ್ಲಾಸು. ಅಂಥ ಶಾಲೆಯಲ್ಲಿ ಓದಿದವರಿಗೆ ಗೊತ್ತು, ಹೆಸರು ಕೂಗಿದಾಗ ಎದ್ದು ‘ಪ್ರೆಸೆಂಟ್ ಮಿಸ್’ ಅನ್ನಬೇಕು. ಗೌರಿಗೆ ಮಾತು ಬರುತ್ತಿರಲಿಲ್ಲ. ಒಂದು ಸಲ ಕುಟ್ಟಿದರೆ ನೀರು ಬೇಕು, ಎರಡು ಸಲ ಕುಟ್ಟಿದರೆ ಇದ್ದೀನಿ. ಅವಳಿಗೆ ಯಾರೂ ಕಲಿಸಿದ್ದಲ್ಲ. ಅವಳೇ ಇಡೀ ಕ್ಲಾಸಿಗೆ ಕಲಿಸಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ಮಂಜ ಒಂದು ಕುಟ್ಟಿಗೇ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಿದ್ದ.

“ಮಿಸ್, ಇಲ್ಲೇ ಕೂತಿದಾಳೆ,” ಅಂದೆ.

“ಬಾಯಿ ಬಿಟ್ಟು ಹೇಳಿದ್ರೆ ಹಾಕ್ತೀನಿ. ನೀನೇನು ಅವಳ ಲಾಯರ್ರಾ? ಕೂತ್ಕೋ.”

ಗೌರಿ ಮಾತಾಡದಿರುವುದು ಹಟ, ಹಾಜರಿ ಹಾಕದಿದ್ದರೆ ಹಟ ಇಳಿಯುತ್ತದೆ ಅಂತ ಅವರ ಲೆಕ್ಕ. ದಸರಾ ರಜೆ ಮುಗಿದ ಮೇಲೆ ಅಮ್ಮನನ್ನು ಕರೆಸಿದರು.

“ನಿಮ್ಮ ಮಗಳಿಗೆ ಹಾಜರಿನೇ ಇಲ್ಲ. ಹೆಸರು ತೆಗೀಬೇಕಾಗುತ್ತೆ.”

“ದಿನಾ ನಾನೇ ಬಿಟ್ಟು ಹೋಗ್ತೀನಲ್ಲ ಮಿಸ್?”

“ರಿಜಿಸ್ಟರ್‌ಗೆ ಅದು ಗೊತ್ತಿಲ್ವಲ್ಲಮ್ಮ.”

ಮಿಸ್ಸಿಗೆ ಬುದ್ಧಿ ಕಲಿಸಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ.

ಮಾರನೇ ದಿನ ಗೇಟಿನ ಹತ್ತಿರ ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ಕೊಂಡು, ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿದೆ.

“ಹೆಸರು ಕೂಗಿದ್ರೆ ಯಾರೂ ಮಾತಾಡ್ಬೇಡಿ. ಗೌರಿ ಥರ ಕುಟ್ಟಿ.”

“ಮಿಸ್ ಹೊಡೆದ್ರೆ?” ಅಂದ ಮಂಜ.

“ಎಲ್ರಿಗೂ ಆಬ್ಸೆಂಟ್ ಹಾಕ್ಲಿ ಮಗಾ. ಹೆಡ್ ಮಾಸ್ಟ್ರು ಬಂದು ಕೇಳ್ಲಿ.”

ಮೊದಲ ಹೆಸರಿಗೆ ಎರಡು ಕುಟ್ಟು. ಎರಡನೆಯದಕ್ಕೂ ಅಷ್ಟೇ. ಮಿಸ್ಸಿನ ಮುಖ ಕೆಂಪಗಾಯಿತು. ನನಗೆ ಭಾರಿ ಖುಷಿ. ಆಮೇಲೆ ಹುಡುಗರಿಗೆ ಹುರುಪು ಹತ್ತಿ ಎಲ್ಲರೂ ಒಟ್ಟಿಗೆ ಬಡಿಯತೊಡಗಿದರು. ಕಂಪಾಸ್ ಬಾಕ್ಸು, ಸ್ಲೇಟು, ಊಟದ ಡಬ್ಬಿ.

ಗೌರಿಗೆ ಜೋರು ಸದ್ದು ಅಂದರೆ ಆಗುವುದಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಅವಳು ಮಂಚದ ಕೆಳಗೆ ಹೋಗುತ್ತಿದ್ದಳು. ನನಗೆ ಅದು ಗೊತ್ತಿತ್ತು, ಆ ಹೊತ್ತಿಗೆ ಮರೆತಿದ್ದೆ. ಕಿವಿ ಮುಚ್ಚಿಕೊಂಡು ಕಿರುಚಿದಳು. ಬೆಂಚಿನ ಕೆಳಗೆ ತೂರಿ ತಲೆಯನ್ನು ನೆಲಕ್ಕೆ ಚಚ್ಚಿಕೊಂಡಳು. ಹೆಡ್ ಮಾಸ್ಟರ್ ಒಳಗೆ ಬಂದಾಗ ಅವಳ ಹಣೆಯಲ್ಲಿ ರಕ್ತವಿತ್ತು.

“ನೋಡಿ ಸಾರ್, ನಾನು ಹೇಳ್ತಾ ಇದ್ದಿದ್ದು ಇದೇ,” ಅಂದರು ಮಿಸ್.

ಆ ವಾರವೇ ಹೆಸರು ತೆಗೆದರು. ಗೌರಿ ಮತ್ತೆ ಯಾವ ಶಾಲೆಗೂ ಹೋಗಲಿಲ್ಲ.

ಈಗಿನ ಶಾಲೆಗಳಲ್ಲಿ ಅಂಥ ಮಕ್ಕಳ ಕೈಗೆ ಚಿತ್ರದ ಕಾರ್ಡು ಕೊಡುತ್ತಾರಂತೆ. ತೋರಿಸಿದರೆ ಸಾಕಂತೆ. ಕೇಳಿದಾಗ ನನಗೆ ಸಂತೋಷ ಆಗುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಮಿಸ್ ಸಿಕ್ಕಿದರು. ಕೂದಲು ಬೆಳ್ಳಗಾಗಿದೆ. ಹೆಸರು ಹೇಳಿದ ಕೂಡಲೇ ನನ್ನ ಗುರುತು ಹಿಡಿದರು.

“ಚೆನ್ನಾಗಿದೀಯೇನಪ್ಪಾ? ನಿನ್ನ ತಂಗಿ ಹೇಗಿದಾಳೆ?”

“ಯಾವ ತಂಗಿ ಮಿಸ್? ನಿಮ್ಮ ಕ್ಲಾಸಿಗೆ ಅವಳು ಒಂದಿನಾನೂ ಬಂದಿಲ್ವಲ್ಲ.”

ಅವರ ಮುಖ ಇಳಿಯುವವರೆಗೂ ನಿಂತು ನೋಡಿದೆ. ನನಗೆ ಅಷ್ಟು ಸಾಲಲಿಲ್ಲ. ಗೌರಿಯ ಮಾತು ತಿಳಿಯುವ ಒಂದು ಕ್ಲಾಸು ತುಂಬ ಮಕ್ಕಳಿದ್ದರು. ಈಗ ಅಮ್ಮ ಮತ್ತು ನಾನು, ಇಬ್ಬರೇ. ಆ ಕ್ಲಾಸನ್ನು ಕಳೆದದ್ದರಲ್ಲಿ ಮಿಸ್ಸಿನ ಪಾಲು ಮಿಸ್ಸಿಗೆ, ನನ್ನ ಪಾಲು ನನಗೆ.